ಕೆಂಡದ ಕೆಳಗಿನ ಬೂದಿ: ಶೇಕ್ಸ್‌ಪಿಯರನ 73ನೆಯ ಸಾನೆಟ್

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ನನಗಿಂತ ಮೊದಲು ನಿಂತವರು ದೊಡ್ಡ ದೊಡ್ಡ ವಿಷಯಗಳನ್ನು ಎತ್ತಿಕೊಂಡಿದ್ದಾರೆ. ನಾನು ತಂದಿರುವುದು ಹದಿನಾಲ್ಕು ಸಾಲಿನ ಒಂದು ಪದ್ಯ. ನಿಧಾನವಾಗಿ ಓದಿದರೂ ಒಂದು ನಿಮಿಷಕ್ಕೆ ಮುಗಿಯುತ್ತದೆ. ಅದರ ಬಗ್ಗೆ ಮುಕ್ಕಾಲು ಗಂಟೆ ನಿಮ್ಮನ್ನು ಕೂರಿಸಿಕೊಳ್ಳಲು ಒಂದೇ ಕಾರಣ: ಸುಮಾರು ಮೂವತ್ತು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಈ ಪದ್ಯದ ಬಗ್ಗೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ.

ಅದು ಬಿ.ಎ. ಎರಡನೆಯ ವರ್ಷದ ತರಗತಿ. ಯುಗಾದಿಗೆ ಇನ್ನೊಂದು ತಿಂಗಳಿತ್ತು. ಕಿಟಕಿಯಾಚೆಗಿದ್ದ ಬೇವಿನ ಮರದಲ್ಲಿ ಒಂದು ಕೊಂಬೆ ಬೋಳು, ಪಕ್ಕದ ಕೊಂಬೆಯಲ್ಲಿ ಕೆಂಪು ಚಿಗುರು. ಎಲೆ ಉದುರಿದ ಮರಕ್ಕೆ ಕವಿ ತನ್ನನ್ನು ಹೋಲಿಸಿಕೊಂಡಿದ್ದಾನೆ, ಇದು ಮುಪ್ಪಿನ ದುಃಖ ಎಂದು ನಾನು ವಿವರಿಸುತ್ತಿದ್ದೆ. ಕೊನೆಯ ಬೆಂಚಿನಿಂದ ಒಬ್ಬ ರೈತರ ಹುಡುಗ ಎದ್ದು ನಿಂತ. "ಸಾರ್, ಎಲೆ ಉದುರಿದ್ರೆ ಮತ್ತೆ ಚಿಗುರುತ್ತಲ್ಲ, ಅದಕ್ಯಾಕೆ ಅಳ್ಬೇಕು?" ಅಂದ. ತರಗತಿ ನಕ್ಕಿತು. "ಪರೀಕ್ಷೆಯಲ್ಲಿ ಹಾಗೆ ಬರೆದುಬಿಟ್ಟೀಯ, ಕೂತ್ಕೊ" ಅಂದುಬಿಟ್ಟೆ. ಆ ದಿನ ಪದ್ಯವನ್ನು ಅರ್ಥಮಾಡಿಕೊಂಡದ್ದು ನನಗಿಂತ ಅವನೇ ಹೆಚ್ಚು ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

1

ಮೊದಲು ಪುಸ್ತಕದ ಮಾತು. 1609ರ ಮೇ 20ರಂದು ಲಂಡನ್ನಿನ ಪ್ರಕಾಶಕ ಥಾಮಸ್ ಥಾರ್ಪ್ ಪುಸ್ತಕ ವ್ಯಾಪಾರಿಗಳ ಸಂಘದ ದಾಖಲೆಯಲ್ಲಿ ಒಂದು ಕೃತಿಯನ್ನು ನಮೂದಿಸಿದ. ಜಾರ್ಜ್ ಎಲ್ಡ್ ಎಂಬ ಮುದ್ರಕನ ಅಚ್ಚುಕೂಟದಲ್ಲಿ ಅದು ಅಚ್ಚಾಯಿತು. ಅದರಲ್ಲಿ 154 ಸಾನೆಟ್‌ಗಳಿದ್ದವು, ಕೊನೆಗೊಂದು ನೀಳ್ಗವನವಿತ್ತು. ಆ ಮೊದಲ ಮುದ್ರಣದ ಹದಿಮೂರು ಪ್ರತಿಗಳು ಮಾತ್ರ ಇಂದು ಉಳಿದಿವೆ.

ಪುಸ್ತಕ ಬಂದಾಗ ಶೇಕ್ಸ್‌ಪಿಯರನಿಗೆ 45 ವರ್ಷ. ಪದ್ಯಗಳು ಮಾತ್ರ ಅದಕ್ಕಿಂತ ಹಳೆಯವು. ಅವನ ಸಾನೆಟ್‌ಗಳು ಆಪ್ತ ಗೆಳೆಯರ ನಡುವೆ ಹಸ್ತಪ್ರತಿಯಲ್ಲಿ ಓಡಾಡುತ್ತಿವೆ ಎಂದು ಫ್ರಾನ್ಸಿಸ್ ಮೀರ್ಸ್ 1598ರಲ್ಲೇ ಬರೆದಿದ್ದ. ಮರುವರ್ಷ ಎರಡು ಸಾನೆಟ್‌ಗಳು ಬೇರೊಂದು ಸಂಕಲನದಲ್ಲಿ ಅಚ್ಚಾದವು. ಅವುಗಳಲ್ಲಿ ಒಂದರಲ್ಲಿ, ತನ್ನ ಒಳ್ಳೆಯ ದಿನಗಳು ಕಳೆದುಹೋದವೆಂದು ಕವಿ ಹೇಳಿಕೊಳ್ಳುತ್ತಾನೆ. ಆಗ ಅವನ ವಯಸ್ಸು ಮೂವತ್ತೈದು! 73ನೆಯ ಸಾನೆಟ್ಟನ್ನು ಅವನು ಯಾವ ವರ್ಷ ಬರೆದಿದ್ದರೂ ನಮ್ಮ ಲೆಕ್ಕದಲ್ಲಿ ಮುದುಕನಾಗಿರಲಿಲ್ಲ. ಹಾಗಾಗಿ ಇಲ್ಲಿನ ಮುಪ್ಪನ್ನು ದಿನಚರಿಯ ಪುಟದಂತೆ ಓದಬಾರದು. ನಾಟಕಕಾರನೊಬ್ಬ ತನಗೆ ತಾನೇ ಬರೆದುಕೊಂಡ ಪಾತ್ರ ಅದು. ಎದುರಿಗೊಬ್ಬ ತರುಣ ನಿಂತಿದ್ದಾನೆ, ಅವನಿಗೆ ತನ್ನನ್ನು ತೋರಿಸಬೇಕು. ಅದಕ್ಕಾಗಿ ಕವಿ ಈ ವೇಷ ತೊಟ್ಟಿದ್ದಾನೆ.

ಆ ತರುಣ ಯಾರೆಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಮೊದಲ 126 ಸಾನೆಟ್‌ಗಳಲ್ಲಿ ಬಹುಪಾಲು ಅವನನ್ನು ಕುರಿತವು ಎಂಬುದು ರೂಢಿಯ ಅಭಿಪ್ರಾಯ. ನಮಗೆ ಮುಖ್ಯವಾಗಬೇಕಾದದ್ದು ಒಂದೇ: ಅಷ್ಟೂ ಪದ್ಯಗಳಲ್ಲಿ ಅವನು ಬಾಯಿ ಬಿಟ್ಟು ಉತ್ತರ ಕೊಡುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ರೂಪದ ಬಗ್ಗೆ ಎರಡು ಮಾತು ಸಾಕು. ಇಟಲಿಯ ಪೆಟ್ರಾರ್ಕ್ ಮೆರೆಸಿದ ಸಾನೆಟ್ ಎಂಟು ಸಾಲು, ಆರು ಸಾಲು ಎಂದು ಒಡೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಬಳಕೆಗೆ ಬಂದ ಅಷ್ಟಷಟ್ಪದಿ ಎಂಬ ಹೆಸರು ಆ ಮಾದರಿಗೆ ಸರಿಯಾಗಿ ಕೂರುತ್ತದೆ. ಇಂಗ್ಲಿಷಿಗೆ ಸಾನೆಟ್ಟನ್ನು ತಂದ ಇಬ್ಬರಲ್ಲಿ ಒಬ್ಬನಾದ ಸರ್ರೆಯ ಅರ್ಲ್, ಪ್ರಾಸದ ಅನುಕೂಲಕ್ಕಾಗಿ, ನಾಲ್ಕು ಸಾಲಿನ ಮೂರು ಚೌಪದಿ ಮತ್ತು ಕೊನೆಗೊಂದು ದ್ವಿಪದಿ ಎಂಬ ಕಟ್ಟನ್ನು ರೂಢಿಸಿದ. ಶೇಕ್ಸ್‌ಪಿಯರ್ ಹಿಡಿದದ್ದು ಇದನ್ನು. ನಮ್ಮ ನವೋದಯದವರು ಇದೇ ಪ್ರಕಾರವನ್ನು 'ಸುನೀತ' ಎಂದು ಕರೆದು ಮನೆಮಗಳು ಮಾಡಿಕೊಂಡರು. ಕುವೆಂಪು ಅವರ 'ಕೃತ್ತಿಕೆ' ಇಡೀ ಸಂಕಲನವೇ ಸಾನೆಟ್‌ಗಳದ್ದು.

73ನೆಯ ಸಾನೆಟ್ ಈ ಕಟ್ಟನ್ನು ಅಚ್ಚುಕಟ್ಟಾಗಿ ಬಳಸುತ್ತದೆ. ಒಂದೊಂದು ಚೌಪದಿಗೆ ಒಂದೊಂದು ಚಿತ್ರ: ಎಲೆಯುದುರಿದ ಮರ, ಸೂರ್ಯ ಮುಳುಗಿದ ಮೇಲಿನ ಪಡುವಣ ಬೆಳಕು, ಆರುತ್ತಿರುವ ಬೆಂಕಿ. ಮೂರರಲ್ಲೂ 'ನನ್ನಲ್ಲಿ ಇದನ್ನು ನೀನು ಕಾಣಬಹುದು' ಎಂಬ ಮಾತು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ. ದ್ವಿಪದಿಯಲ್ಲಿ, ಇದನ್ನು ಕಂಡ ತರುಣನ ಪ್ರೀತಿಗೆ ಏನಾಗುತ್ತದೆ ಎಂಬುದು.

2

ಈಗ ಮರದ ಬಳಿಗೆ ಬರೋಣ.

ನಮ್ಮ ಬಯಲುಸೀಮೆಯಲ್ಲಿ ಮರಗಳು ಶಿಶಿರದಲ್ಲಿ ಎಲೆ ಉದುರಿಸುತ್ತವೆ, ಬೆನ್ನಿಗೇ ವಸಂತ ಬರುತ್ತದೆ. ಉದುರುವುದಕ್ಕೂ ಚಿಗುರುವುದಕ್ಕೂ ನಡುವೆ ಕೆಲವು ವಾರ, ಕೆಲವು ಮರಗಳಲ್ಲಿ ಕೆಲವೇ ದಿನ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬೋಳಾದ ಮರ ಮತ್ತೆ ಹಸಿರಾಗಲು ಏಪ್ರಿಲ್ ಬರಬೇಕು. ನಡುವೆ ಐದು ತಿಂಗಳ ಚಳಿ, ಮಧ್ಯಾಹ್ನ ನಾಲ್ಕಕ್ಕೇ ಕವಿಯುವ ಕತ್ತಲೆ. ಆ ಕಾಲದ ಬಡವರಿಗೂ ಮುದುಕರಿಗೂ ಈ ಐದು ತಿಂಗಳು ದಾಟುವುದೇ ದೊಡ್ಡ ಮಾತು. ನನ್ನ ವಿದ್ಯಾರ್ಥಿ ಕಿಟಕಿಯಾಚೆ ಕಂಡ ಬೇವಿನ ಮರ ಈ ಪದ್ಯದ ಮರವಲ್ಲ ಎಂದು ಆ ದಿನ ನಾನು ಹೇಳಬಹುದಿತ್ತು. ಅರ್ಧ ಉತ್ತರವಾದರೂ ಆಗುತ್ತಿತ್ತು.

ಎಲೆಗಳನ್ನು ಹೇಳುವ ಕ್ರಮದಲ್ಲೇ ಒಂದು ಸೂಕ್ಷ್ಮವಿದೆ. ಹಣ್ಣೆಲೆಗಳಿವೆ ಎಂದು ಶುರುಮಾಡುವ ಕವಿ ತಕ್ಷಣ ಒಂದೂ ಇಲ್ಲ ಎನ್ನುತ್ತಾನೆ, ಆಮೇಲೆ ಅಲ್ಲೊಂದು ಇಲ್ಲೊಂದು ಉಳಿದಿವೆ ಎಂದು ತಿದ್ದಿಕೊಳ್ಳುತ್ತಾನೆ. ಲೆಕ್ಕಕ್ಕಾದರೆ ಬಹಳ, ಕೆಲವು, ಏನೂ ಇಲ್ಲ ಎಂದು ಇಳಿಯಬೇಕಿತ್ತು. ಕನ್ನಡಿಯ ಮುಂದೆ ನಿಂತವನು ಒಮ್ಮೆ 'ಎಲ್ಲ ಮುಗಿಯಿತು' ಅಂದುಕೊಂಡು, ಮತ್ತೆ ಕಣ್ಣರಳಿಸಿ ನೋಡಿ 'ಪರವಾಗಿಲ್ಲ, ಇನ್ನೂ ನಾಲ್ಕು ಕೂದಲು ಕಪ್ಪಗಿವೆ' ಎನ್ನುತ್ತಾನಲ್ಲ, ಆ ಗತ್ತು ಇದು. ಇಷ್ಟು ಗಂಭೀರ ಪದ್ಯದಲ್ಲಿ ಇಂಥ ಮನುಷ್ಯಸಹಜ ತಡವರಿಕೆಯನ್ನು ಇಡಲು ರಂಗಭೂಮಿಯ ಕಿವಿ ಬೇಕು.

ಆ ಬೋಳು ಕೊಂಬೆಗಳನ್ನು ಕವಿ ತಕ್ಷಣ ಇನ್ನೊಂದಕ್ಕೆ ಹೋಲಿಸುತ್ತಾನೆ: ಹಿಂದೆ ಹಾಡು ಕೇಳಿಸುತ್ತಿದ್ದ, ಈಗ ಪಾಳುಬಿದ್ದ ಚರ್ಚಿನ ಗಾಯಕರ ಕಟ್ಟೆ. 1930ರಲ್ಲಿ, ಇಪ್ಪತ್ನಾಲ್ಕು ವರ್ಷದ ವಿಲಿಯಂ ಎಂಪ್ಸನ್ ಅನೇಕಾರ್ಥತೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದ ಆರಂಭದಲ್ಲೇ ಈ ಒಂದು ಹೋಲಿಕೆಯನ್ನು ಬಿಡಿಸಿ ತೋರಿಸಿದ. ಗಾಯಕರ ಕಟ್ಟೆ ಮರದ್ದು, ಅದರ ಮೇಲೆ ಕೆತ್ತನೆಯಿದೆ, ಸುತ್ತಲಿನ ಕಟ್ಟಡ ಕಾಡಿನಂತೆ ಕಮಾನು ಕಟ್ಟಿದೆ, ಬಣ್ಣದ ಗಾಜು ಎಲೆ ಹೂಗಳಂತಿದೆ, ಅಲ್ಲಿ ಹುಡುಗರು ಹಕ್ಕಿಗಳಂತೆ ಹಾಡುತ್ತಿದ್ದರು. ಇವೆಲ್ಲ ಒಟ್ಟಿಗೆ ಕೆಲಸ ಮಾಡುತ್ತವೆ, ಯಾವುದನ್ನು ಮುಖ್ಯವಾಗಿ ಹಿಡಿಯಬೇಕೆಂದು ಓದುಗನಿಗೆ ತಿಳಿಯುವುದಿಲ್ಲ, ಆ ತಿಳಿಯದಿರುವಿಕೆಯಲ್ಲೇ ಸೊಗಸಿದೆ ಎಂಬುದು ಅವನ ವಾದ.

ಇದರ ಹಿಂದೆ ಇತಿಹಾಸದ ಗಾಯವೊಂದಿದೆ. ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಇಂಗ್ಲೆಂಡಿನ ಸುಮಾರು 800 ಮಠಗಳನ್ನು ಮುಚ್ಚಿಸಿದ. ಛಾವಣಿಯ ಸೀಸವನ್ನು ಕಿತ್ತು ಕರಗಿಸಿದರು, ಗಂಟೆಗಳನ್ನು ಮಾರಿದರು, ಕಲ್ಲುಗಳನ್ನು ಸುತ್ತಲಿನವರು ಮನೆ ಕಟ್ಟಲು ಒಯ್ದರು. ಶೇಕ್ಸ್‌ಪಿಯರ್ ಹುಟ್ಟುವ ಹೊತ್ತಿಗೆ ಆ ಗೋಡೆಗಳು ಮಳೆಗೆ ನೆನೆಯತೊಡಗಿ ಎರಡು ಡಜನ್ ವರ್ಷಗಳಾಗಿದ್ದವು. ಈ ಬದಲಾವಣೆ ಅವನ ಮನೆಗೂ ಬಂದಿತ್ತು. ಸ್ಟ್ರಾಟ್‌ಫರ್ಡ್ ಊರಿನ ಗಿಲ್ಡ್ ಚಾಪೆಲ್ಲಿನ ಗೋಡೆಚಿತ್ರಗಳನ್ನು ಅಳಿಸಲು ಎರಡು ಷಿಲಿಂಗ್ ಕೊಟ್ಟ ಬಾಬ್ತು 1564ರ ಜನವರಿಯ ಲೆಕ್ಕದಲ್ಲಿದೆ. ಆ ಲೆಕ್ಕ ನೋಡಿಕೊಳ್ಳುತ್ತಿದ್ದವನು ಜಾನ್ ಶೇಕ್ಸ್‌ಪಿಯರ್, ಕವಿಯ ಅಪ್ಪ. ಅದೇ ಏಪ್ರಿಲಿನಲ್ಲಿ ವಿಲಿಯಂನ ನಾಮಕರಣ. ಸುಣ್ಣ ಬಳಿದ ಗೋಡೆಯ ಕೆಳಗೆ ಚಿತ್ರಗಳಿದ್ದವೆಂದು ಬಲ್ಲ ಊರಿನಲ್ಲಿ ಅವನು ಬೆಳೆದ.

ಒಂದು ತಮಾಷೆಯ ಸಂಗತಿ. 1609ರ ಮುದ್ರಣದಲ್ಲಿ 'ಪಾಳುಬಿದ್ದ' ಎಂಬ ಅರ್ಥದ ಆ ಪದವೇ ಅಕ್ಷರ ಕಲಸಿಹೋಗಿ ಪಾಳುಬಿದ್ದಿದೆ, ಸಂಪಾದಕರು ಅದನ್ನು ಸರಿಪಡಿಸಬೇಕಾಯಿತು. ಗಾಯಕರ ಕಟ್ಟೆಗೆ ಅಲ್ಲಿ ಬಳಸಿದ ಇಂಗ್ಲಿಷ್ ಪದದ ಕಾಗುಣಿತ, ಇಪ್ಪತ್ತನಾಲ್ಕು ಹಾಳೆಗಳ ಕಾಗದದ ಕಟ್ಟಿಗೆ ಹೇಳುವ ಪದವನ್ನೂ ಹೋಲುತ್ತದೆ. 'ಲೀವ್ಸ್' ಎಂದರೆ ಎಲೆಗಳು, ಪುಸ್ತಕದ ಹಾಳೆಗಳೂ ಹೌದು. ಹಳದಿಗಟ್ಟಿದ ಎಲೆಗಳು ಹಾಗೆಯೇ ಹಳದಿಗಟ್ಟಿದ ಪುಟಗಳಾಗುತ್ತವೆ. ತಾಳೆಗರಿಯ ಮೇಲೆ ಕಾವ್ಯ ಬರೆದ ನಾಡಿನ ನಮಗೆ ಈ ಶ್ಲೇಷೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

3

ಎರಡನೆಯ ಚಿತ್ರ ಸಂಜೆಯದು. ನಮ್ಮಲ್ಲಿ ಸೂರ್ಯ ಮುಳುಗಿದರೆ ಕತ್ತಲೆ ಬೇಗ ಬೀಳುತ್ತದೆ, ಉತ್ತರದ ಆ ದೇಶದಲ್ಲಿ ಬೆಳಕು ಪಡುವಣದಲ್ಲಿ ತಡವಾಗಿ ಸೋರಿಹೋಗುತ್ತದೆ. ಕವಿಗೆ ಬೇಕಾಗಿರುವುದು ಆ ನಿಧಾನ. ರಾತ್ರಿ ಒಮ್ಮೆಗೇ ಎರಗುವುದಿಲ್ಲ, ಸಾಲಗಾರನ ಮನೆಯಿಂದ ಒಂದೊಂದೇ ಪಾತ್ರೆ ಒಯ್ಯುವವರ ಹಾಗೆ ಬೆಳಕನ್ನು ಸಾಗಿಸುತ್ತದೆ. ಆ ರಾತ್ರಿಯನ್ನು ಕವಿ ಸಾವಿನ ಜೋಡಿ ರೂಪವೆಂದು ಕರೆದು, ಅದು ಎಲ್ಲವನ್ನೂ ವಿಶ್ರಾಂತಿಯೊಳಗೆ ಮುಚ್ಚಿ ಮುದ್ರೆ ಒತ್ತುತ್ತದೆ ಎನ್ನುತ್ತಾನೆ. ಮುದ್ರೆ ಒತ್ತುವುದು ಎಂಬ ಆ ಇಂಗ್ಲಿಷ್ ಪದದಂತೆಯೇ ಕೇಳಿಸುವ ಇನ್ನೊಂದು ಪದ ಬೇಟೆಗಿಡುಗ ಪಳಗಿಸುವವರ ಬಾಯಲ್ಲಿತ್ತು: ಗಿಡುಗದ ರೆಪ್ಪೆಗಳನ್ನು ದಾರದಿಂದ ಹೊಲಿಯುವುದು ಅದರ ಅರ್ಥ. ಅಂದಿನ ಕಿವಿಗೆ ಎರಡೂ ಕೇಳಿಸಿರಬೇಕು. ವಿಶ್ರಾಂತಿ ಎಂಬ ಮೆತ್ತನೆಯ ಮಾತಿನ ಒಳಗೆ ಸೂಜಿಯೊಂದಿದೆ.

ನಮ್ಮ ಮನೆಗಳಲ್ಲಿ ಮುಸ್ಸಂಜೆ ಎಂದರೆ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಮಲಗಿದರೆ ಅಮ್ಮ ಬೈಯುತ್ತಿದ್ದಳು. ಈ ಪದ್ಯದ ಮುಸ್ಸಂಜೆಯಲ್ಲಿ ದೀಪ ಹಚ್ಚುವವರು ಯಾರೂ ಇಲ್ಲ. ಮೊದಲ ಚಿತ್ರದಲ್ಲಿ ಚಿಗುರಿನ ಮಾತಿರಲಿಲ್ಲ, ಎರಡನೆಯದರಲ್ಲಿ ದೀಪದ ಮಾತಿಲ್ಲ.

ಆದರೂ ನನ್ನ ವಿದ್ಯಾರ್ಥಿ ಇಲ್ಲೂ ಎದ್ದು ನಿಲ್ಲಬಹುದಿತ್ತು. "ಸಾರ್, ಸೂರ್ಯ ಮುಳುಗಿದ್ರೆ ಬೆಳಗ್ಗೆ ಹುಟ್ತಾನಲ್ಲ?" ಹೌದು. ವರ್ಷ ಮರಳುತ್ತದೆ, ದಿನವೂ ಮರಳುತ್ತದೆ. ಕವಿ ಹೇಳದೆ ಬಿಟ್ಟರೂ ನಮಗೆ ಗೊತ್ತು, ಕೇಳುತ್ತಿರುವ ತರುಣನಿಗೂ ಗೊತ್ತು. ಆ ಸಮಾಧಾನಕ್ಕೆ ಎಡೆ ಇಲ್ಲದ ಚಿತ್ರವೊಂದು ಕವಿಗೆ ಬೇಕಾಗಿದೆ.

4

ಅದು ಬೆಂಕಿ. ವರ್ಷದಿಂದ ದಿನಕ್ಕೆ, ದಿನದಿಂದ ಒಂದು ಒಲೆ ಆರುವ ಗಳಿಗೆಗೆ ಕಾಲ ಕುಗ್ಗುತ್ತಾ ಬಂದಿದೆ. ನೋಟವೂ ಬಯಲಿನಿಂದ ಮನೆಯೊಳಕ್ಕೆ ಬಂದಿದೆ. ಚಳಿ ಮತ್ತು ಕತ್ತಲೆ ಮುಗಿದು ಈ ಮೂರನೆಯದರಲ್ಲಿ ಮಾತ್ರ ಬಿಸಿಯೂ ಕೆಂಪೂ ಇವೆ, ಸಾವಿಗೆ ತೀರ ಹತ್ತಿರವಿರುವುದೂ ಇದೇ ಚಿತ್ರ. ತನ್ನ ಯೌವನದ ಬೂದಿಯ ಮೇಲೆ ಕೆಂಡ ಮಲಗಿದೆ, ಆ ಬೂದಿಯೇ ಅದರ ಮರಣಶಯ್ಯೆ, ಯಾವ ಸೌದೆ ತನ್ನನ್ನು ಸಾಕಿತೋ ಅದರಿಂದಲೇ ಅದು ತೀರಿಹೋಗುತ್ತದೆ ಎಂಬುದು ಕವಿಯ ಮಾತಿನ ಸಾರ.

ಕನ್ನಡದಲ್ಲಿ ನಾವು 'ಬೂದಿ ಮುಚ್ಚಿದ ಕೆಂಡ' ಎನ್ನುತ್ತೇವೆ. ಮೇಲೆ ಬೂದಿ, ಒಳಗೆ ಬೆಂಕಿ. ಆ ನುಡಿಗಟ್ಟಿನಲ್ಲಿ ಒಂದು ಎಚ್ಚರಿಕೆಯೂ ಭರವಸೆಯೂ ಇದೆ: ಆರಿದೆ ಅಂದುಕೊಳ್ಳಬೇಡಿ. ನನ್ನ ಅಜ್ಜಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿಟ್ಟು ಮಲಗುತ್ತಿದ್ದರು. ಬೆಳಗ್ಗೆ ಕೆದಕಿ, ಒಣ ತೆಂಗಿನಗರಿ ಇಟ್ಟು ಊದುಗೊಳವೆಯಲ್ಲಿ ಊದಿದರೆ ಮತ್ತೆ ಉರಿ. ಬೂದಿ ಅಲ್ಲಿ ಕಂಬಳಿ. ಇದು ನಮ್ಮ ನಾಡಿನದೊಂದೇ ಜಾಣತನವೇನಲ್ಲ. ಇಂಗ್ಲೆಂಡಿನ ಮನೆಗಳಲ್ಲೂ ರಾತ್ರಿ ಕೆಂಡ ಮುಚ್ಚುತ್ತಿದ್ದರು. ಇಂದು ಗಲಭೆಯಾದಾಗ ಪೊಲೀಸರು ಹೇರುವ ಕರ್ಫ್ಯೂ ಎಂಬುದು ಹಳೆಯ ಫ್ರೆಂಚಿನಲ್ಲಿ 'ಬೆಂಕಿ ಮುಚ್ಚು' ಎಂದೇ ಇತ್ತು.

ಅಂದರೆ ಶೇಕ್ಸ್‌ಪಿಯರನಿಗೆ ಬೂದಿ ಮುಚ್ಚಿದ ಕೆಂಡ ಗೊತ್ತಿತ್ತು, ಅವನು ಅದನ್ನು ಬೇಕೆಂದೇ ತಿರುವಿಹಾಕಿದ. ಅವನ ಕೆಂಡದ ಬೂದಿ ಕೆಳಗಿದೆ. ಹೊದಿಸಿ ಕಾಯಬೇಕಾದದ್ದು ಹಾಸಿಗೆಯಾಗಿ ಮರಣವನ್ನು ಹೊತ್ತಿದೆ. ಇಲ್ಲಿ ಊದುಗೊಳವೆ ಹಿಡಿದ ಅಜ್ಜಿ ಇಲ್ಲ. ನಾಳೆ ಬೆಳಗ್ಗೆ ಅದೇ ಒಲೆಯಲ್ಲಿ ಬೆಂಕಿ ಹೊತ್ತಬಹುದು, ಅದು ಬೇರೆ ಸೌದೆಯ ಬೆಂಕಿ.

ಸಾಕಿದ್ದೇ ಕೊಲ್ಲುತ್ತದೆ ಎಂಬ ಭಾವ ಅಂದಿನವರಿಗೆ ಪರಿಚಿತ. ತಲೆಕೆಳಗು ಹಿಡಿದ ಪಂಜಿನಲ್ಲಿ ಉರಿಯನ್ನು ಪೋಷಿಸಿದ ಮೇಣವೇ ಕರಗಿ ಉರಿಯನ್ನು ನಂದಿಸುವುದು ಲಾಂಛನ ಚಿತ್ರಗಳ ಪುಸ್ತಕಗಳಲ್ಲಿ ಬರುತ್ತಿತ್ತು. ಶೇಕ್ಸ್‌ಪಿಯರನ ಹೆಸರಿನಲ್ಲಿ ಅದೇ 1609ರಲ್ಲಿ ಅಚ್ಚಾದ 'ಪೆರಿಕ್ಲಿಸ್' ನಾಟಕದಲ್ಲಿ ಒಬ್ಬ ವೀರನ ಗುರಾಣಿಯ ಮೇಲೂ ಇಂಥ ಪಂಜು ಇದೆ. ಲಾಂಛನದ ಪಂಜನ್ನು ಒಬ್ಬ ಕೈಯಾರೆ ಕೆಳಗೆ ಹಿಡಿದಿರುತ್ತಾನೆ. ಸಾನೆಟ್ಟಿನ ಬೆಂಕಿಯನ್ನು ಹಾಗೆ ಯಾರೂ ಹಿಡಿದಿಲ್ಲ. ಉರಿಯುವುದೇ ಬೂದಿಯಾಗುವುದು. ಯೌವನ ಎಲ್ಲೋ ಕಳೆದುಹೋದ ವಸ್ತುವಲ್ಲ, ಈಗಿನ ಈ ನಸುಬೆಳಕನ್ನು ಮಾಡಿಕೊಳ್ಳಲು ಖರ್ಚಾದದ್ದು. ಹಾಗಾಗಿ ಈ ಪದ್ಯದಲ್ಲಿ ಯಾರ ಮೇಲೂ ದೂರಿಲ್ಲ.

5

ದ್ವಿಪದಿಗೆ ಬರುವ ಮುನ್ನ ಸಣ್ಣದೊಂದು ವ್ಯಾಕರಣ. 71ರಿಂದ 74ರವರೆಗಿನ ನಾಲ್ಕು ಸಾನೆಟ್‌ಗಳು ಕವಿಯ ಸಾವನ್ನೇ ಕುರಿತ ಒಂದು ಗೊಂಚಲು. 71, 72ರಲ್ಲಿ ಕವಿ ತರುಣನನ್ನು 'ಯೂ' ಎಂದು ಕರೆಯುತ್ತಾನೆ, 73, 74ರಲ್ಲಿ 'ದೌ' ಎನ್ನುತ್ತಾನೆ. ಆ ಕಾಲಕ್ಕೆ ಎರಡರ ನಡುವಿನ ಗೆರೆ ಮಸುಕಾಗತೊಡಗಿತ್ತು, ಅಳಿಸಿಹೋಗಿರಲಿಲ್ಲ. ಇಂದಿನ ಇಂಗ್ಲಿಷರ ಕಿವಿಗೆ ಈ ವ್ಯತ್ಯಾಸ ಹಳೆಯ ಕಾಲದ ಒಡವೆ ಮಾತ್ರ. ನಮಗೆ ಹಾಗಲ್ಲ, ದಿನಕ್ಕೆ ನೂರು ಸಲ ನೀವು, ನೀನು ತೂಗಿ ಆಡುವವರು ನಾವು. ಮೊದಲ ಎರಡು ಪದ್ಯಗಳಲ್ಲಿ 'ನಾನು ಸತ್ತ ಮೇಲೆ ನನ್ನನ್ನು ಮರೆತುಬಿಡಿ' ಎಂದು ದೂರ ನಿಂತು ಬೇಡಿದವನು 73ಕ್ಕೆ ಬಂದಾಗ 'ನೋಡು, ನನ್ನಲ್ಲಿ ಏನು ಕಾಣುತ್ತದೆ ನೋಡು' ಎಂದು ಹತ್ತಿರ ಕರೆಯುತ್ತಾನೆ. ಕನ್ನಡಕ್ಕೆ ತರುವವರು ಇದೊಂದನ್ನು ಉಳಿಸಿಕೊಂಡರೆ ಇಂದಿನ ಇಂಗ್ಲಿಷ್ ಓದುಗನಿಗೆ ಸಿಗದ ಒಂದು ಬೆಚ್ಚಗಿನ ಸ್ವರ ನಮಗೆ ಸಿಗುತ್ತದೆ.

ಇನ್ನು ಕೊನೆಯ ಎರಡು ಸಾಲು. ಇದೆಲ್ಲವನ್ನೂ ನೀನು ಗ್ರಹಿಸುತ್ತೀಯೆ, ಅದರಿಂದ ನಿನ್ನ ಪ್ರೀತಿ ಗಟ್ಟಿಯಾಗುತ್ತದೆ, ಬೇಗನೆ ಬಿಟ್ಟುಹೋಗಬೇಕಾದದ್ದನ್ನು ಚೆನ್ನಾಗಿ ಪ್ರೀತಿಸುತ್ತೀಯೆ ಎಂಬ ಅರ್ಥ ಅಲ್ಲಿದೆ. ಸಾಯುವವನು ಕವಿಯಾದರೆ ತರುಣ 'ಕಳೆದುಕೊಳ್ಳಬೇಕು', 'ಬಿಟ್ಟುಹೋಗುವುದು' ಹೇಗೆ? ಕವಿ ಬಳಸಿರುವುದು 'ಲೀವ್' ಎಂಬ ಕ್ರಿಯಾಪದವನ್ನೇ. ಬಿಡುವವನು ತರುಣ. ಕವಿಯ ಹಾಸಿಗೆಯ ಪಕ್ಕದಿಂದ ಎದ್ದು ಹೋಗಬೇಕಾದವನು ಅವನು ಎಂದು ಕೆಲವರು ಓದುತ್ತಾರೆ. ಬಿಡಬೇಕಾದದ್ದು ಅವನದೇ ಯೌವನವನ್ನು, ಅವನದೇ ಬದುಕನ್ನು ಎಂದು ಇನ್ನು ಕೆಲವರು. ಎರಡನೆಯದರತ್ತ ನನ್ನ ಮನಸ್ಸು ವಾಲುತ್ತದೆ. ಕಾರಣ ಆ ಪದದ ಧ್ವನಿ. ಎರಡನೆಯ ಸಾಲಿನ 'ಲೀವ್ಸ್' ಕೊನೆಯ ಸಾಲಿನ 'ಲೀವ್' ಆಗಿ ಮರಳುತ್ತದೆ. ಇಡೀ ಪದ್ಯದಲ್ಲಿ ನಿಜಕ್ಕೂ ಮರಳಿ ಬರುವುದು ಈ ಒಂದು ಸದ್ದು. ಮೊದಲು ಅದು ಮುದುಕನ ಮರದಲ್ಲಿತ್ತು, ಕೊನೆಗೆ ತರುಣನ ಪಾಲಿಗೆ ಬಂದಿದೆ.

'ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತಂತೆ' ಎಂಬ ನಮ್ಮ ಗಾದೆ ಇದಕ್ಕೆ ಎಷ್ಟು ಹತ್ತಿರ ನೋಡಿ! ಗಾದೆಯಲ್ಲಿ ಚಿಗುರು ನಗುತ್ತದೆ, ಗಾದೆ ಹೇಳುವ ಅಜ್ಜ ಅದನ್ನು ಗದರುತ್ತಾನೆ. ಕವಿ ಗದರುವುದಿಲ್ಲ. 'ನೀನು ನಗುತ್ತಿಲ್ಲ, ನಿನಗೆ ಅರ್ಥವಾಗಿದೆ, ನೀನು ಮೊದಲಿಗಿಂತ ಹೆಚ್ಚು ಪ್ರೀತಿಸುತ್ತಿದ್ದೀಯೆ' ಎಂದು ತಾನೇ ಹೇಳಿಬಿಡುತ್ತಾನೆ. ತರುಣನಂತೂ ಬಾಯಿ ಬಿಡುವುದಿಲ್ಲ ಎಂದು ಆಗಲೇ ಹೇಳಿದೆ. ಅವನು ನಿಜವಾಗಿ ಕಂಡನೋ, ಗಡಿಯಾರ ನೋಡಿಕೊಂಡನೋ ಯಾರಿಗೆ ಗೊತ್ತು? ಆಸ್ಪತ್ರೆಯ ಮಂಚದ ಮೇಲಿರುವ ತಂದೆ, 'ನನ್ನ ಮಗ ದಿನಾ ಬರ್ತಾನೆ, ಅವನಿಗೆ ನನ್ನ ಮೇಲೆ ಜೀವ' ಎಂದು ಪಕ್ಕದ ಮಂಚದವರಿಗೆ ಹೇಳುವುದನ್ನು ಕೇಳಿದ್ದೀರಲ್ಲ? ದ್ವಿಪದಿಯ ದೃಢವಾದ ಸ್ವರದಲ್ಲಿ ನನಗೆ ಆ ದನಿ ಕೇಳಿಸುತ್ತದೆ. ಹೇಳಿಕೆಯ ವೇಷದಲ್ಲಿರುವ ಕೋರಿಕೆ ಅದು.

ಮುಪ್ಪು ಮುತ್ತುವ ಮೊದಲೇ ಕೂಡಲಸಂಗಮನನ್ನು ಪೂಜಿಸು ಎನ್ನುವ ಬಸವಣ್ಣನವರ ವಚನ ನಿಮಗೆಲ್ಲ ಗೊತ್ತು. ದೇಹದ ಸೋಲನ್ನು ಕಂಡು ದೇವರತ್ತ ತಿರುಗುವುದು ಅಲ್ಲಿಯ ದಾರಿ. ಈ ಸಾನೆಟ್ಟಿನಲ್ಲಿ ದೇವರಿಲ್ಲ, ಸ್ವರ್ಗವಿಲ್ಲ, ಪುನರ್ಜನ್ಮವೂ ಇಲ್ಲ. ಇದ್ದೊಂದು ಪ್ರಾರ್ಥನಾ ಸ್ಥಳ ಪಾಳುಬಿದ್ದಿದೆ. ತನ್ನ ಕವಿತೆ ಉಳಿಯುತ್ತದೆ ಎಂಬ ಸಮಾಧಾನವನ್ನು ಕವಿ 74ನೆಯದಕ್ಕೆ ತೆಗೆದಿಟ್ಟಿದ್ದಾನೆ, ಇಲ್ಲಿ ಅದನ್ನೂ ಮುಟ್ಟುವುದಿಲ್ಲ. ಚಿಗುರು, ದೀಪ, ಊದುಗೊಳವೆ ಎಲ್ಲವನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟ ಮೇಲೆ ಕವಿಯ ಬಳಿ ಉಳಿಯುವುದು ಎದುರಿಗಿರುವ ಒಬ್ಬನ ನೋಟ. ಸಾಯುವವನಿಗೆ ಅದು ಸಾಕೇ? ಈ ಪದ್ಯದ ಉತ್ತರ, ಸಾಕು ಎಂದು. ನಾನು ಮೂವತ್ತು ವರ್ಷ ಇದನ್ನು ವಿಷಾದದ ಕವಿತೆ ಎಂದು ಪಾಠ ಮಾಡಿದೆ. ಈಗ ಕೇಳಿದರೆ ಧೈರ್ಯದ ಕವಿತೆ ಎನ್ನುತ್ತೇನೆ.

ಕೊನೆಯದಾಗಿ ಆ ಹುಡುಗನ ಪ್ರಶ್ನೆ. ಎಲೆ ಉದುರಿದರೆ ಮತ್ತೆ ಚಿಗುರುತ್ತದಲ್ಲ? ಚಿಗುರುತ್ತದೆ, ಮರ. ಉದುರಿದ ಎಲೆ ಚಿಗುರುವುದಿಲ್ಲ. ಈ ಎರಡು ವಾಕ್ಯ ಹೇಳಲು ನನಗೆ ಆ ದಿನ ಆಗಲಿಲ್ಲ, ಏಕೆಂದರೆ ನಾನಿನ್ನೂ ಮರದ ಕಡೆಗೇ ಇದ್ದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನನ್ನ ಮಾತನ್ನು ಬರೆದುಕೊಂಡಿದ್ದರೆ ಆ ಹಾಳೆಯನ್ನು ಬದಿಗಿಟ್ಟು, ಮನೆಗೆ ಹೋಗಿ ಪದ್ಯವನ್ನು ಇಂಗ್ಲಿಷಿನಲ್ಲೇ ಒಮ್ಮೆ ಗಟ್ಟಿಯಾಗಿ ಓದಿ. ಆಗಲೇ ಹೇಳಿದೆ, ಒಂದು ನಿಮಿಷ ಸಾಕು. ಓದುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ನೀವು ಅವರನ್ನು ನೋಡಿದರೆ ಆಯಿತು.

ನನ್ನ ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೆ ಐವತ್ತು ದಾಟಿರಬೇಕು. 1616ರ ಏಪ್ರಿಲಿನಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ತೀರಿಕೊಂಡಾಗ ಶೇಕ್ಸ್‌ಪಿಯರನಿಗೆ 52.